ಮದುವೆಯ ಪೋರ್ಟ್ರೇಟ್‌ಗಳಲ್ಲಿ ಚರ್ಮ ನುಣುಪಾಗಿ ಕಾಣಲು ಮಿಸ್ಟ್ ಫಿಲ್ಟರ್ ಕೊಳ್ಳಲೇ, ಹಳೆಯ ಸಾಫ್ಟ್ ಫೋಕಸ್ ಲೆನ್ಸ್ ಕೊಳ್ಳಲೇ?

ಇದೇ ಪ್ರಶ್ನೆಯನ್ನು ತಲೆಯಲ್ಲಿ ತುಂಬಿಕೊಂಡು ನಾನೂ ಒಂದು ಕಾಲದಲ್ಲಿ ಓಡಾಡಿದ್ದೆ. ಮಿಸ್ಟ್ ಫಿಲ್ಟರ್ ಎಂದರೆ ಲೆನ್ಸಿನ ಮುಂದೆ ಹಾಕುವ, ಬೆಳಕನ್ನು ಮಂಜಿನಂತೆ ಹರಡುವ ಗಾಜು; ಸಾಫ್ಟ್ ಫೋಕಸ್ ಲೆನ್ಸ್ ಎಂದರೆ ಆ ಮೃದುತನವನ್ನು ತನ್ನೊಳಗೇ ಇಟ್ಟುಕೊಂಡ ಲೆನ್ಸ್. ಉತ್ತರ ಸಿಗುವ ಮೊದಲೇ ಲೆನ್ಸ್ ಕೊಂಡೆ, ಅದರಿಂದ ಮಾಡಿದ ಮೊದಲ ದೊಡ್ಡ ಕೆಲಸದಲ್ಲೇ ಬರಬೇಕಾಗಿದ್ದ ಬಾಕಿ ಹಣವನ್ನೂ ಒಂದು ದೊಡ್ಡ ಕುಟುಂಬದ ಮುಂದಿನ ಮದುವೆಗಳನ್ನೂ ಕಳೆದುಕೊಂಡೆ.

ಹಾಸನದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಕೊಂಡದ್ದು ಎರಡೇ ಗಾಜುಗಳನ್ನು ಅಂಟಿಸಿ ಮಾಡಿದ, ಕೈಯಲ್ಲೇ ಫೋಕಸ್ ಮಾಡಬೇಕಾದ, ಹಳೆಯ 85 ಮಿ.ಮೀ. ಲೆನ್ಸ್, ಅದನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಿದ್ದೆ. ಮದುವೆಯ ಹಿಂದಿನ ದಿನ ವಧುವಿನ ಮನೆಯಲ್ಲಿ, ಅಂದರೆ ಹಳೆಯ ತೊಟ್ಟಿಮನೆಯೊಂದರಲ್ಲಿ, ತೊಟ್ಟಿಯ ಮೇಲಿನಿಂದ ಇಳಿಯುತ್ತಿದ್ದ ಬೆಳಕಿಗೆ ಆಕೆಯನ್ನು ಅರೆಪಕ್ಕವಾಗಿ ಕೂರಿಸಿದೆ. ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾದುಬರುವ ರಂಧ್ರವನ್ನು, ಪೂರ್ತಿ ತೆರೆದು, ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ, ಹತ್ತಿರದ ಕಣ್ಣಿನ ರೆಪ್ಪೆಗೆ ಫೋಕಸ್ ಮಾಡಿದೆ. ಲೆನ್ಸ್ ಹರಡಿದ ಪ್ರಭೆ ಅತಿಯಾಯಿತೆನಿಸಿತು. ಉಂಗುರ ತಿರುಗಿಸಿ ಆ ರಂಧ್ರವನ್ನು ಎಫ್/4ಕ್ಕೆ ಕಿರಿದುಗೊಳಿಸಿ, ಮತ್ತೆ ಫೋಕಸ್ ನೋಡದೆ, ಇಡೀ ಸರಣಿಯನ್ನು ಹಾಗೆಯೇ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಆಲ್ಬಮ್ಮಿನ 12x36 ಇಂಚಿನ ಹಾಳೆಯಲ್ಲಿ ಅಚ್ಚಾಗಿ ಬಂದಾಗ ಜುಮುಕಿಯ ಒಂದೊಂದು ಮುತ್ತನ್ನೂ ಎಣಿಸಬಹುದಿತ್ತು, ಕಿವಿಯ ಹಿಂದಿನ ಕೂದಲೆಳೆಗಳು ಗೀಚಿದಂತೆ ಸ್ಪಷ್ಟವಾಗಿದ್ದವು, ಕಣ್ಣುಗಳು ಮಾತ್ರ ಕಲಸಿಹೋಗಿದ್ದವು. ವಧುವಿನ ತಂದೆ ಹಾಳೆಗಳನ್ನು ನಿಧಾನವಾಗಿ ಮಗುಚಿ, "ಓಲೆಯ ಅಂಗಡಿಯವರು ಇದನ್ನು ನೋಡಿದರೆ ಖುಷಿಪಡುತ್ತಾರೆ ಕಣಪ್ಪ, ನಮಗೆ ಮಗಳ ಮುಖ ಬೇಕಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಏನು ತಪ್ಪಾಯಿತೆಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಲೆನ್ಸ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಸಾಫ್ಟ್ ಫೋಕಸ್ ಎಂದರೆ ಫೋಕಸ್ ತಪ್ಪಿದ ಚಿತ್ರವಲ್ಲ. ಸರಳ ಮಸೂರವೊಂದರ ಅಂಚಿನಿಂದ ಹಾದುಬರುವ ಕಿರಣಗಳು ನಡುವಿನಿಂದ ಬರುವ ಕಿರಣಗಳಿಗಿಂತ ಹೆಚ್ಚು ಬಾಗಿ, ಮಸೂರಕ್ಕೆ ಹತ್ತಿರದಲ್ಲೇ ಕೂಡಿಬಿಡುತ್ತವೆ. ಸ್ಫೆರಿಕಲ್ ಅಬರೇಶನ್ ಎನ್ನುವ ಈ ದೋಷವನ್ನು ಸಾಮಾನ್ಯ ಲೆನ್ಸುಗಳಲ್ಲಿ ಹಲವು ಗಾಜುಗಳನ್ನು ಸೇರಿಸಿ ತಿದ್ದಿರುತ್ತಾರೆ, ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಬೇಕೆಂದೇ ಉಳಿಸಿರುತ್ತಾರೆ. ನಡುವಿನ ಕಿರಣಗಳು ಒಂದು ಸ್ಪಷ್ಟ ಬಿಂಬವನ್ನು ಕಟ್ಟುತ್ತವೆ, ಅಂಚಿನ ಕಿರಣಗಳು ಅದರ ಮೇಲೆ ಮಂಜಿನ ರಾತ್ರಿಯ ಬೀದಿದೀಪಕ್ಕಿರುವಂಥ ಪ್ರಭೆಯೊಂದನ್ನು ಹರಡುತ್ತವೆ. ಸ್ಪಷ್ಟ ಬಿಂಬ ಅಡಿಯಲ್ಲಿ ಇದ್ದರೆ ಮಾತ್ರ ಆ ಪ್ರಭೆಗೆ ಅರ್ಥ.

ಅಪರ್ಚರನ್ನು ಕಿರಿದುಗೊಳಿಸಿದಾಗ ಮೊದಲು ಕತ್ತರಿಸಿಹೋಗುವುದು ಅಂಚಿನ ಕಿರಣಗಳೇ. ಅಪರ್ಚರಿನ ವ್ಯಾಸ ಅರ್ಧವಾದರೆ, ಅಂದರೆ ಕೇವಲ ಎರಡು ಸ್ಟಾಪ್ ಇಳಿದರೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ), ಈ ದೋಷ ಮಾಡುವ ಮಸುಕಿನ ವೃತ್ತ ಸುಮಾರು ಎಂಟನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಕುಗ್ಗುವುದಷ್ಟೇ ಆಗಿದ್ದರೆ ನನಗೆ ನಷ್ಟವಿರಲಿಲ್ಲ. ಮಸೂರಕ್ಕೆ ಹತ್ತಿರದಲ್ಲಿ ಕೂಡುತ್ತಿದ್ದ ಕಿರಣಗಳು ಇಲ್ಲವಾದ ಕೂಡಲೇ ಉತ್ತಮ ಫೋಕಸ್ಸಿನ ಜಾಗವೇ ಹಿಂದಕ್ಕೆ ಸರಿಯುತ್ತದೆ. ಸೆನ್ಸರ್ ಇದ್ದಲ್ಲೇ ಇರುವುದರಿಂದ, ಎದುರಿನ ದೃಶ್ಯದಲ್ಲಿ ಸ್ಪಷ್ಟವಾಗಿ ಕಾಣುವ ಸಮತಲವು ಕ್ಯಾಮೆರಾದಿಂದ ದೂರ ಹೋಗುತ್ತದೆ. ರೆಪ್ಪೆಯ ಮೇಲಿದ್ದ ನನ್ನ ಫೋಕಸ್ ಹೀಗೆ ಜುಮುಕಿಗೆ ಹೋಗಿ ಕುಳಿತಿತ್ತು. ಮಾಮೂಲಿ ಲೆನ್ಸಿನಲ್ಲಿ ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಸ್ಟಾಪ್ ಡೌನ್ ಮಾಡುವುದು, ಅಂದರೆ ಅದನ್ನು ಕಿರಿದುಗೊಳಿಸುವುದು, ಒಳ್ಳೆಯ ಅಭ್ಯಾಸವೆಂದು ನಾವೆಲ್ಲ ಕಲಿತಿದ್ದೇವೆ. ಇಲ್ಲಿ ಆ ಅಭ್ಯಾಸವೇ ಮುಳುವಾಯಿತು. ಯಾವ ಅಪರ್ಚರಿನಲ್ಲಿ ಚಿತ್ರ ತೆಗೆಯುತ್ತೀರೋ ಅದೇ ಅಪರ್ಚರಿನಲ್ಲಿ ಫೋಕಸ್ ಮಾಡಬೇಕು, ಅಪರ್ಚರನ್ನು ಅರ್ಧ ಸ್ಟಾಪ್ ಬದಲಿಸಿದರೂ ಮತ್ತೆ ಮಾಡಬೇಕು. ಫೋಕಸ್ ಆದ ಗಡಿಗಳಿಗೆ ಪರದೆಯಲ್ಲಿ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗನ್ನು ನಂಬಬೇಡಿ. ಅದು ಗಡಿಗಳ ಕಾಂಟ್ರಾಸ್ಟನ್ನು, ಅಂದರೆ ಬೆಳಕು ಕತ್ತಲೆಯ ಅಂತರವನ್ನು, ಹುಡುಕುತ್ತದೆ, ಪ್ರಭೆ ಮೊದಲು ಅಳಿಸುವುದೇ ಆ ಕಾಂಟ್ರಾಸ್ಟನ್ನು. ಪರದೆಯ ಪುಟ್ಟ ಚಿತ್ರವನ್ನೂ ನಂಬಬೇಡಿ. ಅಷ್ಟು ಸಣ್ಣ ಅಳತೆಯಲ್ಲಿ ಸಾಫ್ಟ್ ಫೋಕಸ್ಸಿಗೂ ತಪ್ಪಿದ ಫೋಕಸ್ಸಿಗೂ ವ್ಯತ್ಯಾಸ ಕಾಣುವುದೇ ಇಲ್ಲ.

ಈ ತೊಡಕನ್ನು ಹಿಂದಿನವರು ಬಲ್ಲವರಾಗಿದ್ದರು. ಆಸ್ಟ್ರಿಯಾದಲ್ಲಿ ನೆಲೆಸಿದ್ದ ಛಾಯಾಗ್ರಾಹಕ ಹೈನ್ರಿಷ್ ಕ್ಯೂನ್ ಮತ್ತು ಲೆನ್ಸ್ ತಯಾರಕ ಫ್ರಾಂಟ್ಸ್ ಸ್ಟೇಬ್ಲೆ ರೂಪಿಸಿದ ಇಮಾಗೊನ್ ಲೆನ್ಸನ್ನು ರೋಡೆನ್‌ಸ್ಟಾಕ್ ಕಂಪನಿ 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದಾಗ, ಅದರೊಂದಿಗೆ ಜರಡಿಯಂಥ ಬಿಲ್ಲೆಗಳನ್ನೂ ಕೊಟ್ಟಿತು. ನಡುವೆ ದೊಡ್ಡ ರಂಧ್ರ, ಸುತ್ತ ಸಣ್ಣ ರಂಧ್ರಗಳು. ಸಣ್ಣವನ್ನು ಬೇಕಾದಷ್ಟೇ ತೆರೆದು ಮುಚ್ಚಿ ಪ್ರಭೆಯ ಪ್ರಮಾಣವನ್ನು ಹಿಡಿತದಲ್ಲಿಡಬಹುದು. 1935ರ ಲೈಕಾ ಥಂಬಾರ್ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು: ನಟ್ಟನಡುವೆ ಕನ್ನಡಿಯಂತೆ ಹೊಳೆಯುವ ಚುಕ್ಕೆಯಿರುವ ಫಿಲ್ಟರಿನಿಂದ ನಡುವಿನ ಕಿರಣಗಳನ್ನೇ ತಡೆದು ಅಂಚಿನವಕ್ಕೆ ಬಲ ಕೊಟ್ಟಿತು. ಎರಡೂ ಜಾಣತನಗಳೇ. ಆದರೆ ಆ ಲೆನ್ಸುಗಳು ಬೇಡುವ ನಿಧಾನವನ್ನು ನಮ್ಮ ಮುಹೂರ್ತಗಳು ಕೊಡುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲಿರುವ ನಂಬಿಕೆಗೆ ಬರುತ್ತೇನೆ. ಚರ್ಮ ನುಣುಪಾಗಿ ಕಾಣಲೆಂದು ಇವೆರಡರಲ್ಲಿ ಯಾವುದನ್ನೂ ಕೊಳ್ಳಬೇಡಿ. ಮೊಡವೆಯ ಕಲೆ ಎದ್ದು ಕಾಣುವುದು ಬೆಳಕು ಒಂದೇ ಕಡೆಯಿಂದ, ಗಡುಸಾಗಿ, ಓರೆಯಾಗಿ ಬಿದ್ದಾಗ. ದೊಡ್ಡ ಕಿಟಕಿಯ ಪಕ್ಕಕ್ಕೆ ಕರೆದುಕೊಂಡು ಹೋದರೆ, ಅಥವಾ ವಿಡಿಯೋದವರ ಲೈಟಿನ ಎದುರು ಬಿಳಿಯ ಬಟ್ಟೆ ಹಿಡಿಸಿದರೆ, ಅರ್ಧ ಕಲೆ ಅಲ್ಲೇ ಹೋಗುತ್ತದೆ. ಉಳಿದದ್ದನ್ನು ಆಮೇಲೆ ಟಚಪ್‌ನಲ್ಲಿ ತೆಗೆಯಬಹುದು. ಫಿಲ್ಟರಾಗಲಿ ಲೆನ್ಸಾಗಲಿ ಮಾಡುವುದು ಚರ್ಮದ ಕೆಲಸವನ್ನಲ್ಲ. ಚಿತ್ರದಲ್ಲಿ ಎಲ್ಲಿ ಬೆಳಕು ಹೆಚ್ಚಿದೆಯೋ ಅಲ್ಲಿಂದ ಅದು ಪಕ್ಕದ ಕತ್ತಲೆಗೆ ಸುರಿಯುವಂತೆ ಅವು ಮಾಡುತ್ತವೆ. ಸುರಿಯಲು ಬೆಳಕೇ ಇಲ್ಲದಿದ್ದರೆ, ಉದಾಹರಣೆಗೆ ಶಾಮಿಯಾನದ ನೆರಳಿನ ಚಪ್ಪಟೆ ಬೆಳಕಿನಲ್ಲಿ, ಕಾಂಟ್ರಾಸ್ಟ್ ಇಳಿದು ಮಾಸಿದ ಚಿತ್ರ ಬರುತ್ತದೆ, ಬೇರೇನೂ ಬರುವುದಿಲ್ಲ.

ಆದ್ದರಿಂದ ಮದುವೆಯ ಕೆಲಸಕ್ಕೆ ನಾನು ಈಗ ಬಳಸುವುದು ಫಿಲ್ಟರನ್ನೇ, ಅದೂ ಆರತಿಯ ಹೊತ್ತಿನಲ್ಲಿ, ರಾತ್ರಿಯ ಆರತಕ್ಷತೆಯಲ್ಲಿ ಹಿಂದೆ ಸೀರಿಯಲ್ ಸೆಟ್ ಉರಿಯುತ್ತಿರುವಾಗ, ಬೆಳಗಿನ ಬಿಸಿಲು ಹಿಂದಿನಿಂದ ಕೂದಲಿಗೆ ತಾಗುತ್ತಿರುವಾಗ ಮಾತ್ರ. ಟಿಫನ್ ಕಂಪನಿಯ ಬ್ಲ್ಯಾಕ್ ಪ್ರೋ-ಮಿಸ್ಟ್ ಮಾದರಿಯ ಫಿಲ್ಟರುಗಳಲ್ಲಿ ಬೆಳಕನ್ನು ಚದುರಿಸುವ ಕಣಗಳ ಜೊತೆಗೆ ಕಪ್ಪು ಕಣಗಳೂ ಇರುವುದರಿಂದ ನೆರಳುಗಳು ಬಿಳಿಯ ಮಿಸ್ಟ್ ಫಿಲ್ಟರಿನಲ್ಲಿ ಬಿಳಿಚಿಕೊಳ್ಳುವಷ್ಟು ಬಿಳಿಚಿಕೊಳ್ಳುವುದಿಲ್ಲ. 1/8, 1/4, 1/2, 1 ಎಂದು ಬಲ ಏರುತ್ತದೆ. 85 ಮಿ.ಮೀ.ಯಂಥ ಉದ್ದದ (ದೂರದ್ದನ್ನು ಹತ್ತಿರ ತರುವ) ಲೆನ್ಸಿಗೆ 1/8 ಸಾಕು, ಅಗಲ ನೋಟದ 35ಕ್ಕೆ 1/4 ಇರಲಿ. ಒಂದೇ ಫಿಲ್ಟರ್ ಉದ್ದದ ಲೆನ್ಸಿನಲ್ಲಿ ಹೆಚ್ಚು ಬಲವಾಗಿ ಕಾಣುತ್ತದೆ. ಒಂದನೇ ನಂಬರನ್ನು ಹಾಕಿ ಇಡೀ ಮದುವೆ ತೆಗೆದವರ ಆಲ್ಬಮ್ ನೋಡಿದ್ದೇನೆ, ಹೋಮದ ಹೊಗೆ ಕಲ್ಯಾಣಮಂಟಪದಿಂದ ಊಟದ ಹಾಲಿನವರೆಗೂ ಹಬ್ಬಿದಂತಿತ್ತು. ಲೆನ್ಸ್ ಹುಡ್ ಕಡ್ಡಾಯ, ಏಕೆಂದರೆ ಚೌಕಟ್ಟಿನ ಹೊರಗಿರುವ ದೀಪವೂ ಫಿಲ್ಟರಿಗೆ ತಾಗಿದರೆ ಚಿತ್ರವನ್ನೆಲ್ಲ ಮಂಕಾಗಿಸುತ್ತದೆ.

ಇದನ್ನೆಲ್ಲ ಸಾಫ್ಟ್‌ವೇರಿನಲ್ಲೇ ಮಾಡಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಕಾಂಟ್ರಾಸ್ಟನ್ನು ಏರಿಳಿಸುವ ಕ್ಲಾರಿಟಿ ಎಂಬ ಸ್ಲೈಡರನ್ನು ಇಳಿಸಿದರೆ ಮೃದುವಾಗುತ್ತದೆ ನಿಜ, ಬೇಡವೆನಿಸಿದರೆ ಹಿಂದಕ್ಕೂ ಬರಬಹುದು. ಆದರೆ ದೀಪದ ಕುಡಿ ಸೆನ್ಸರಿನ ಮಿತಿಯನ್ನು ದಾಟಿ ಬೆಳ್ಳಗಾದ ಮೇಲೆ ಅದು ಎಷ್ಟು ಪ್ರಖರವಾಗಿತ್ತೆಂಬ ಲೆಕ್ಕ ಕಡತದಲ್ಲಿ ಉಳಿದಿರುವುದಿಲ್ಲ. ಸಾಫ್ಟ್‌ವೇರಿಗೆ ಬಿಳಿ ಶರ್ಟೂ ದೀಪದ ಕುಡಿಯೂ ಒಂದೇ ಬಿಳುಪು. ಗಾಜು ಮಾತ್ರ ಆ ಲೆಕ್ಕ ಕಳೆದುಹೋಗುವ ಮೊದಲೇ ನಿಜವಾದ ಬೆಳಕನ್ನು ಹರಡುತ್ತದೆ. ಹಾಗಾಗಿ ದೀಪಗಳಿರುವ ಚಿತ್ರದಲ್ಲಿ ನನ್ನ ಮತ ಗಾಜಿಗೇ.

ಹಣ ಹಾಕುವ ಮೊದಲು ಒಂದು ಸಂಜೆ ಮನೆಯಲ್ಲೇ ಪ್ರಯೋಗ ಮಾಡಿ. ಕಪ್ಪು ನೈಲಾನ್ ಕಾಲುಚೀಲದ ತುಂಡನ್ನು ಲೆನ್ಸಿನ ಮುಂದೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಆಮೇಲೆ ಬಿಳಿಯದನ್ನು ಹಾಕಿ ನೋಡಿ. ಬಿಳಿಯದು ನೆರಳುಗಳನ್ನು ಎತ್ತಿಬಿಡುತ್ತದೆ. ಹಳೆಯ ಯುವಿ ಫಿಲ್ಟರಿನ ಅಂಚಿಗೆ ವ್ಯಾಸಲೀನ್ ಸವರಿ, ನಡುವೆ ರೂಪಾಯಿ ನಾಣ್ಯದಗಲ ಗಾಜನ್ನು ಹಾಗೆಯೇ ಬಿಡಿ. ಬೆರಳು ಎಳೆದ ದಿಕ್ಕಿಗೆ ಅಡ್ಡವಾಗಿ ಬೆಳಕು ಎಳೆದುಕೊಳ್ಳುವುದು ಕಾಣುತ್ತದೆ. ಲೆನ್ಸಿನ ಗಾಜಿಗೇ ಎಂದೂ ಸವರಬೇಡಿ. ದೇವರ ಮನೆಯ ನಂದಾದೀಪದ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಒಮ್ಮೆ, ಮಧ್ಯಾಹ್ನ ಜಗಲಿಯ ನೆರಳಿನಲ್ಲಿ ಒಮ್ಮೆ ತೆಗೆದರೆ, ಫಿಲ್ಟರಿಗೆ ಎಲ್ಲಿ ಕೆಲಸವಿದೆ, ಎಲ್ಲಿ ಇಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ.

ಕೊಳ್ಳುವುದೇ ಆದರೆ ನಿಮ್ಮಲ್ಲಿರುವ ಲೆನ್ಸುಗಳಲ್ಲಿ ಮುಂದಿನ ಬಾಯಿ ಅತಿ ಅಗಲವಿರುವುದಕ್ಕೆ ಹೊಂದುವ 77 ಅಥವಾ 82 ಮಿ.ಮೀ. ಫಿಲ್ಟರ್ ಒಂದನ್ನೇ ಕೊಂಡು, ಉಳಿದವಕ್ಕೆ ದೊಡ್ಡ ಫಿಲ್ಟರನ್ನು ಸಣ್ಣ ಬಾಯಿಗೆ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ. ಸಾಫ್ಟ್ ಫೋಕಸ್ ಲೆನ್ಸ್ ನಿಜಕ್ಕೂ ಸೊಗಸಾದ ವಸ್ತು, ನನ್ನದನ್ನು ನಾನು ಮಾರಿಲ್ಲ; ಸಮಯವಿರುವ ಭಾನುವಾರಗಳಲ್ಲಿ, ಟ್ರೈಪಾಡ್ ಮೇಲಿಟ್ಟು, ಮನೆಯವರನ್ನೇ ಕೂರಿಸಿ ಅದರಲ್ಲಿ ತೆಗೆಯುತ್ತೇನೆ, ಹಣ ಕೊಟ್ಟವರ ಮುಂದೆ ಹೊರತೆಗೆಯುವುದಿಲ್ಲ.