ಉತ್ತರ ಋಣಾತ್ಮಕವಾಗಿ ಬಂದಾಗ: ಒಂದು ಆಪ್ತಸಲಹೆ ಪ್ರಕರಣ

ಕಂಪ್ಯುಟೇಷನಲ್ ಮಾಡೆಲಿಂಗ್ (ನೈಜ ವಿದ್ಯಮಾನಗಳನ್ನು ಗಣಿತದ ಮಾದರಿಗಳಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ) ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು, ಕೋರ್ಸು ಬಿಡುವ ನಿರ್ಧಾರವನ್ನು ಬಹುಮಟ್ಟಿಗೆ ಮಾಡಿಕೊಂಡೇ ನನ್ನ ಬಳಿ ಬಂದರು. ಅವರನ್ನು ಇಲ್ಲಿ ‘ಸ’ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಪದವಿಯಲ್ಲಿ ಜೀವವಿಜ್ಞಾನ ಓದಿದ್ದ ಅವರಿಗೆ, ಪ್ರೋಗ್ರಾಮಿಂಗಿನಲ್ಲಿ ಪಳಗಿದ ಸಹಪಾಠಿಗಳ ನಡುವೆ ತಾವು ಸಲ್ಲದವರೆಂಬ ಭಾವನೆ ಮೊದಲಿನಿಂದಲೂ ಇತ್ತು. ನಿದ್ರೆ ಕೆಟ್ಟಿತ್ತು, ಗೈಡ್ ಕಳಿಸಿದ ಇಮೇಲ್‌ಗಳನ್ನು ತೆರೆಯಲೂ ಅಂಜುತ್ತಿದ್ದರು. “ತಪ್ಪು ಉತ್ತರ ಬಂದಾಗಲೆಲ್ಲ ನಾನು ಇದಕ್ಕೆ ಲಾಯಕ್ಕಿಲ್ಲ ಎಂದೇ ಅನ್ನಿಸುತ್ತದೆ ಮೇಡಂ” ಎಂದರು. ಸ್ವಹಾನಿಯ ಯೋಚನೆಗಳೇನಾದರೂ ಇವೆಯೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದು ಸ್ಪಷ್ಟವಾದ ಮೇಲೆಯೇ ಓದಿನ ವಿಚಾರಕ್ಕೆ ಬಂದೆ.

ನಾನೂ ಗಣಿತ ಓದಿದವಳಾದ್ದರಿಂದ, ಮುಂದಿನ ಭೇಟಿಗೆ ಆ ತಪ್ಪು ಉತ್ತರವನ್ನೇ ತರಲು ಹೇಳಿದೆ. ಔಷಧವೊಂದು ರಕ್ತದಿಂದ ಅಂಗಾಂಶಗಳಿಗೆ ಹರಡಿ, ಕ್ರಮೇಣ ದೇಹದಿಂದ ಹೊರಹೋಗುವುದನ್ನು ಅವಕಲ ಸಮೀಕರಣಗಳಲ್ಲಿ, ಅಂದರೆ ಬದಲಾವಣೆಯ ದರವನ್ನು ಹೇಳುವ ಸಮೀಕರಣಗಳಲ್ಲಿ, ಹಿಡಿದಿಡುವ ಮಾದರಿ ಅದು. ಗ್ರಾಫಿನಲ್ಲಿ ಔಷಧದ ಪ್ರಮಾಣ ಒಮ್ಮೆ ಸೊನ್ನೆಗಿಂತ ಕೆಳಗಿಳಿದು, ಮರುಕ್ಷಣ ಅದಕ್ಕಿಂತ ಎತ್ತರಕ್ಕೆ ಏರಿ, ಹೀಗೆಯೇ ಹಿಗ್ಗುತ್ತ ಹೋಗಿತ್ತು. ‘ಸ’ ಇದನ್ನು ಕೋಡಿನ ದೋಷವೆಂದು ಭಾವಿಸಿ, ಸಾಲುಗಳನ್ನು ಅಳಿಸಿ ಬರೆಯುತ್ತ ರಾತ್ರಿಗಳನ್ನು ಕಳೆದಿದ್ದರು.

ಮಾದರಿಯ ಅತಿವೇಗದ ಭಾಗವನ್ನಷ್ಟೇ ಉಳಿಸಿಕೊಂಡು ಕಾಗದದ ಮೇಲೆ ಲೆಕ್ಕ ಮಾಡೋಣವೆಂದೆ. ಕ್ಷಯದ ದರ ಗಂಟೆಗೆ 50. ಅವರು ಬಳಸಿದ್ದು ಸರಳ ಆಯ್ಲರ್ ವಿಧಾನ (ಹೆಜ್ಜೆಯ ಆರಂಭದಲ್ಲಿರುವ ದರವೇ ಹೆಜ್ಜೆ ಮುಗಿಯುವವರೆಗೂ ಇರುತ್ತದೆಂದು ಎಣಿಸಿ ಲೆಕ್ಕ ಹಾಕುವುದು), ಕಾಲದ ಹೆಜ್ಜೆ 0.1 ಗಂಟೆ. ಹಾಗಾದರೆ ಪ್ರತಿ ಹೆಜ್ಜೆಯಲ್ಲೂ ಹಿಂದಿನ ಬೆಲೆಯನ್ನು 1 − (50 × 0.1), ಅಂದರೆ −4ರಿಂದ ಗುಣಿಸಿದಂತಾಗುತ್ತದೆ. ಅವರೇ ಬರೆದರು: 1, −4, 16, −64, 256. ಕೋಡು ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು, ಹೆಜ್ಜೆ 0.04ಕ್ಕಿಂತ ಚಿಕ್ಕದಿಲ್ಲದಿದ್ದರೆ ಈ ವಿಧಾನ ಈ ಸಮೀಕರಣವನ್ನು ತಾಳಿಕೊಳ್ಳುವುದೇ ಇಲ್ಲ. ಆ ಅಂಕಿಗಳನ್ನು ನೋಡುತ್ತ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹೆಜ್ಜೆಯನ್ನು 0.01ಕ್ಕೆ ಇಳಿಸಿದಾಗ ಗ್ರಾಫು ನಯವಾಗಿ ಇಳಿಯಿತು. ಇಲ್ಲಿಗೇ ನಿಲ್ಲಿಸುವುದು ಅಪಾಯಕರ, ಏಕೆಂದರೆ ನೋಡಲು ಸರಿಯೆನಿಸುವ ಗೆರೆ ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ: 0.1 ಗಂಟೆಯ ಹೊತ್ತಿಗೆ ನಿಜವಾದ ಬೆಲೆ ಸುಮಾರು 0.0067 ಇರಬೇಕಾದಲ್ಲಿ ಸುಮಾರು 0.001 ಬಂದಿತ್ತು. 0.001ರ ಹೆಜ್ಜೆಗೆ 0.0059, ಅದರ ಅರ್ಧಕ್ಕೆ 0.0063 ಬಂತು. ಹೆಜ್ಜೆ ಅರ್ಧವಾದಾಗ ದೋಷವೂ ಸುಮಾರು ಅರ್ಧಕ್ಕಿಳಿಯಿತು. ಆಯ್ಲರ್ ವಿಧಾನದಿಂದ ನಿರೀಕ್ಷಿಸಬೇಕಾದದ್ದು ಇದನ್ನೇ.

ನಾನು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಒಂದೇ. ಪ್ರೋಗ್ರಾಂ ಓಡಿಸುವ ಮುನ್ನ, ಯಾವ ಉತ್ತರ ಬರಬೇಕು, ಏಕೆ ಬರಬೇಕು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪ್ರಮಾಣ ಸೊನ್ನೆಗಿಂತ ಕೆಳಗಿಳಿಯಬಾರದು, ಒಟ್ಟು ಮೊತ್ತ ಹೆಚ್ಚಬಾರದು ಎಂಬಂಥ ಮಾತುಗಳೂ ಸಾಕು. ಫಲಿತಾಂಶ ಅದಕ್ಕೆ ಹೊಂದದಿದ್ದರೆ, ಉತ್ತರ ಮೊದಲೇ ತಿಳಿದಿರುವ ಚಿಕ್ಕ ಸಮಸ್ಯೆಗೆ ಹಿಂತಿರುಗಬೇಕು. ಆಗ ತಪ್ಪು ಸಮೀಕರಣದ್ದೋ, ವಿಧಾನದ್ದೋ, ಕೋಡಿನದ್ದೋ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಆ ಪ್ರಶ್ನೆಯಲ್ಲಿ ವಿದ್ಯಾರ್ಥಿಯ ಯೋಗ್ಯತೆಗೆ ಜಾಗವಿಲ್ಲ. ಜೀವವಿಜ್ಞಾನ ಓದಿದವರಿಗೆ ಇಲ್ಲೊಂದು ಅನುಕೂಲವಿದೆ ಎಂದು ನಾನು ದೃಢವಾಗಿ ನಂಬುತ್ತೇನೆ: ದೇಹದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬ ಅಂದಾಜು ಅವರಿಗೆ ಬೇಗ ಹೊಳೆಯುತ್ತದೆ. ಸಹಪಾಠಿಗಳಿಂದ ಸಿದ್ಧ ಕೋಡ್ ಕೇಳುವ ಬದಲು, ತಮ್ಮ ಕೋಡನ್ನು ಅವರಿಗೆ ಸಾಲು ಸಾಲಾಗಿ ವಿವರಿಸಲು ಹೇಳಿದೆ. ರಾತ್ರಿ ದೋಷ ಹುಡುಕುತ್ತ ಕೂರುವುದನ್ನು ಬಿಡಬೇಕೆಂದೂ, ನಿದ್ರೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಹೇಳಿದೆ. ಕೋರ್ಸು ಬಿಡುವ ನಿರ್ಧಾರವನ್ನು ಸೆಮಿಸ್ಟರ್ ಮುಗಿಯುವವರೆಗೆ ಮುಂದೂಡಲು ಅವರು ಒಪ್ಪಿದರು.

ಗೈಡಿಗೆ ಬರೆಯಬೇಕಾದ ಇಮೇಲನ್ನು ನನ್ನ ಕೋಣೆಯಲ್ಲೇ ಕುಳಿತು ಬರೆದರು. ಕ್ಷಮೆಯಾಚನೆಯ ಉದ್ದನೆಯ ಮೊದಲ ಭಾಗವನ್ನು ತೆಗೆಸಿದೆ. ಋಣಾತ್ಮಕ ಗ್ರಾಫ್, ಕಾಗದದ ಲೆಕ್ಕ, ಎರಡು ಹೆಜ್ಜೆಗಳ ಹೋಲಿಕೆ ಉಳಿದವು. ಇಂಥ ಸಮೀಕರಣಗಳಿಗೆ ಇಂಪ್ಲಿಸಿಟ್ ವಿಧಾನ (ಹೆಜ್ಜೆಯ ಕೊನೆಯ, ಇನ್ನೂ ತಿಳಿಯದ ಬೆಲೆಯನ್ನೇ ಸಮೀಕರಣದಲ್ಲಿಟ್ಟು ಬಿಡಿಸುವುದು) ಬಳಸಬಹುದೇ ಎಂಬ ಪ್ರಶ್ನೆಯನ್ನು ಕೊನೆಗೆ ಅವರೇ ಸೇರಿಸಿದರು.