"ಎರಡೇ ಸಿಗರೇಟ್ ಮೇಡಂ"

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಜೀನ್ಸ್ ಒಗೆಯುವ ಮುಂಚೆ ಜೇಬು ತಡಕಿದಾಗ ತಾಯಿಯ ಕೈಗೆ ಅದು ಸಿಕ್ಕಿತು. ಪೆನ್‌ಡ್ರೈವ್ ಅಂದುಕೊಂಡು ಟಿವಿ ಪಕ್ಕ ಇಟ್ಟರು. ಸಂಜೆ ಮೈದುನ ಬಂದು "ಅತ್ತಿಗೆ, ಇದು ವೇಪ್, ಬ್ಯಾಟರಿಯಲ್ಲಿ ನಡೆಯುವ ಇ-ಸಿಗರೇಟ್" ಅಂದಾಗಲೇ ಗೊತ್ತಾಗಿದ್ದು. ಮೂಸಿ ನೋಡಿದರೆ ಮಾವಿನಹಣ್ಣಿನ ವಾಸನೆ.

ಚೇತನ್‌ಗೆ 17 ವರ್ಷ. ಬೆಂಗಳೂರಿನಲ್ಲಿ ಎರಡನೇ ಪಿಯುಸಿ. ತಾಯಿ ಅವನನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದರು. ತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. "ನೀನು ಹೇಳಿದ್ದನ್ನು ಅಮ್ಮನಿಗೆ ಒಪ್ಪಿಸಲ್ಲ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳ್ತೀನಿ, ಅದೂ ನಿನಗೆ ತಿಳಿಸಿಯೇ" ಎಂದು ಮೊದಲೇ ಹೇಳಿದೆ.

"ದಿನಕ್ಕೆ ಎರಡೇ ಸಿಗರೇಟ್ ಮೇಡಂ. ಟ್ಯೂಷನ್ ಮುಗಿದ ಮೇಲೆ, ಟೀ ಜೊತೆ."

"ವೇಪ್ ಎಷ್ಟು?"

"ಅದಕ್ಕೇನು ಲೆಕ್ಕ ಇಲ್ಲ. ಸುಮ್ನೆ ಆವಿ ಅಲ್ವಾ."

ಲೆಕ್ಕ ಇಲ್ಲದೇ ಇರುವುದೇ ತೊಂದರೆ. ಸಿಗರೇಟ್ ಹಚ್ಚಿದರೆ ಐದಾರು ನಿಮಿಷದಲ್ಲಿ ಮುಗಿದುಹೋಗುತ್ತದೆ. ವೇಪ್‌ಗೆ ಮುಗಿಯುವ ಜಾಗವೇ ಇಲ್ಲ. ಕಾಲೇಜಿನ ಶೌಚಾಲಯ, ಬಸ್ಸಿನ ಹಿಂದಿನ ಸೀಟು, ಹೊದಿಕೆಯ ಒಳಗೆ, ಎಲ್ಲೆಂದರಲ್ಲಿ ಎಳೆಯಬಹುದು. ಈಗಿನ ವೇಪ್‌ಗಳಲ್ಲಿ ಹೆಚ್ಚಾಗಿ ಇರುವುದು ನಿಕೋಟಿನ್ ಸಾಲ್ಟ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ಗೆ ಆಮ್ಲ ಬೆರೆಸಿ ಮೆದು ಮಾಡಿದ ರೂಪ. ಗಂಟಲು ಅಷ್ಟಾಗಿ ಉರಿಯುವುದಿಲ್ಲ, ಹಾಗಾಗಿ ಒಳಗೆ ಎಷ್ಟು ಹೋಯಿತು ಎಂದು ಹುಡುಗರಿಗೆ ಗೊತ್ತೇ ಆಗುವುದಿಲ್ಲ. ಮೊದಲು ಎರಡು ವಾರ ಬರುತ್ತಿದ್ದ ವೇಪ್ ಇವನಿಗೆ ಈಗ ಐದೇ ದಿನಕ್ಕೆ ಖಾಲಿ.

ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೇ ಪಫ್ ಎಂದು ಕೇಳಿದೆ. ನಾನು ತಪ್ಪದೆ ಕೇಳುವ ಪ್ರಶ್ನೆ ಇದು. "ಹಾಸಿಗೆಯಲ್ಲೇ. ದಿಂಬಿನ ಕೆಳಗೇ ಇರುತ್ತೆ" ಅಂದ. ಎದ್ದ ಐದು ನಿಮಿಷದೊಳಗೆ ಬೇಕು ಅನ್ನಿಸಿದರೆ ಅವಲಂಬನೆ ಜೋರಾಗಿದೆ ಎಂದೇ ಅರ್ಥ. ಮಾತು ಮುಕ್ಕಾಲು ಗಂಟೆ ದಾಟುವಷ್ಟರಲ್ಲಿ ಅವನ ಮಂಡಿ ಕುಣಿಯತೊಡಗಿತು. ಕೈ ಮತ್ತೆ ಮತ್ತೆ ಖಾಲಿ ಜೇಬಿನ ಕಡೆ ಹೋಗುತ್ತಿತ್ತು. ಅವನಿಗದರ ಅರಿವೂ ಇರಲಿಲ್ಲ.

"ಅದಿಲ್ಲದೆ ಓದು ತಲೆಗೆ ಹೋಗಲ್ಲ ಮೇಡಂ."

ಇದನ್ನು ಅವನು ನಿಜವಾಗಿಯೂ ನಂಬಿದ್ದ. ಹಾಳೆ ಮೇಲೆ ಗೆರೆ ಎಳೆದು ತೋರಿಸಿದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಚಡಪಡಿಕೆ, ಸಿಡುಕು, ಮನಸ್ಸು ನಿಲ್ಲದಿರುವುದು. ಪಫ್ ಎಳೆದರೆ ಅದು ಶಮನ. ಓದಿಗೆ ಅಡ್ಡ ಬರುತ್ತಿರುವುದೂ ಅದೇ, ಆ ಅಡ್ಡಿಯನ್ನು ತೆಗೆಯುವ ಹಾಗೆ ಕಾಣುವುದೂ ಅದೇ. ಅವನು ತುಂಬಾ ಹೊತ್ತು ಗೆರೆ ನೋಡುತ್ತಾ ಕೂತ.

"ಸಿಗರೇಟ್ ಬಿಟ್ಟು ವೇಪ್ ಇಟ್ಕೊಳ್ಲಾ?" ಎಂದು ಕೇಳಿದ. ಬೇಡ ಎಂದೆ. ಮೆದುಳಿಗೆ ಬೇಕಿರುವುದು ನಿಕೋಟಿನ್, ಅದು ಯಾವ ಬಾಗಿಲಿನಿಂದ ಬಂದರೂ ಸರಿ. ಒಂದು ಬಾಗಿಲು ತೆರೆದಿಟ್ಟರೆ ಸಿಗರೇಟಿನ ಆಸೆಯೂ ಆರುವುದಿಲ್ಲ. ಎರಡನ್ನೂ ಒಂದೇ ದಿನ ಬಿಡಬೇಕು. ದಿನ ಅವನೇ ಆರಿಸಿದ: ಯೂನಿಟ್ ಟೆಸ್ಟ್ ಮುಗಿದ ಮಾರನೇ ಭಾನುವಾರ. ಅಲ್ಲಿಯವರೆಗೆ ಪ್ರತಿ ಪಫ್‌ಗೂ ಮೊಬೈಲಿನಲ್ಲಿ ಒಂದು ಗುರುತು ಹಾಕಲು ಹೇಳಿದೆ. ಮೊದಲ ದಿನ 140 ದಾಟಿತು. ಬೈಯುವ ಅಗತ್ಯವೇ ಬರಲಿಲ್ಲ.

ಮನೋವೈದ್ಯರ ಹತ್ತಿರವೂ ಕಳಿಸಿದೆ. 18 ತುಂಬದವರು ನಿಕೋಟಿನ್ ಗಮ್ ಅನ್ನು ತಾವೇ ಅಂಗಡಿಯಿಂದ ತಂದು ತಿನ್ನಬಾರದು. ಅವರು 2 ಮಿಲಿಗ್ರಾಂ ಗಮ್ ಬರೆದುಕೊಟ್ಟರು. ಅದರಲ್ಲೂ ನಿಕೋಟಿನ್ ಇದೆ, ಆದರೆ ಅಳತೆ ಮಾಡಿ ನಿಧಾನಕ್ಕೆ ಕೊಟ್ಟು, ಇಳಿಸುತ್ತಾ ಬಂದು ಬಿಡಿಸುವುದಕ್ಕೆ. ಇವನು ಬಬಲ್‌ಗಮ್ ಥರ ಜಗಿದು, ಬಿಕ್ಕಳಿಕೆ, ಹೊಟ್ಟೆ ಉರಿ ಅಂತ ಎರಡೇ ದಿನಕ್ಕೆ ಬಂದ. ನಿಧಾನ ಅಗಿಯಬೇಕು. ಖಾರ ಅನ್ನಿಸಿದ ಕೂಡಲೇ ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಗಮ್ ಹಾಕುವ ಕಾಲು ಗಂಟೆ ಮುಂಚಿನಿಂದ, ಅದು ಬಾಯಲ್ಲಿರುವವರೆಗೂ ಕಾಫಿ, ಜ್ಯೂಸ್ ಬೇಡ. ಆಸೆ ಬಂದಾಗ ಅದು ಕೆಲವೇ ನಿಮಿಷದಲ್ಲಿ ತಾನೇ ಇಳಿಯುತ್ತದೆ, ಅಷ್ಟು ಹೊತ್ತು ಒಂದು ಲೋಟ ನೀರು ಕುಡಿ, ಜಾಗ ಬದಲಿಸು ಎಂದೆ. ಮೊದಲ ಎರಡು ಮೂರು ದಿನ ಜಾಸ್ತಿ ಕಷ್ಟ ಎಂದೂ ಮುಚ್ಚಿಡದೆ ಹೇಳಿದೆ.

ತಾಯಿಗೆ ಹೇಳಿದ್ದು ಬೇರೆ. "ಮಾನ ಹೋಯ್ತು ಅನ್ನಬೇಡಿ ಅಮ್ಮ. ದಿನಾ ಜೇಬು ತಡಕಬೇಡಿ. ಎರಡು ವಾರ ಅವನು ಸಿಡುಕ್ತಾನೆ, ನಿದ್ದೆ ಕೆಡುತ್ತೆ. ಅದು ಕೊಬ್ಬಲ್ಲ." ತಂದೆ ಊಟವಾದ ಮೇಲೆ ಮಹಡಿಗೆ ಹೋಗಿ ಸೇದುತ್ತಾರೆ. ಅವರನ್ನೂ ಕರೆಸಿದೆ. ಮನೆಯೊಳಗೆ ಪ್ಯಾಕೆಟ್ ಇಡುವುದಿಲ್ಲ ಎಂದು ಒಪ್ಪಿದರು. ತಾವೂ ಬಿಡುವುದಾಗಿ ಇನ್ನೂ ಹೇಳಿಲ್ಲ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಬರೆದುಕೊಟ್ಟಿದ್ದೇನೆ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ದೇಶದಲ್ಲಿ 2019ರಿಂದ ವೇಪ್ ಮಾರಾಟಕ್ಕೆ ನಿಷೇಧವಿದೆ. ಕರ್ನಾಟಕದ ತಂಬಾಕು ತಿದ್ದುಪಡಿ ಕಾಯ್ದೆ ಪ್ರಕಾರ 21 ತುಂಬದವರಿಗೆ ಸಿಗರೇಟ್ ಮಾರುವ ಹಾಗಿಲ್ಲ, ಬಿಡಿ ಸಿಗರೇಟಂತೂ ಯಾರಿಗೂ ಇಲ್ಲ. ಈ ಹುಡುಗನಿಗೆ ಎರಡೂ ಟ್ಯೂಷನ್ ಇರುವ ಬೀದಿಯಲ್ಲೇ ಸಿಗುತ್ತಿತ್ತು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಬಿಟ್ಟ 19ನೇ ದಿನ ಗೆಳೆಯನ ಬರ್ತ್‌ಡೇಯಲ್ಲಿ ಒಂದು ಸಿಗರೇಟ್ ಸೇದಿ, ರಾತ್ರಿ ಅಳುತ್ತಾ ಫೋನ್ ಮಾಡಿದ. "ಎಲ್ಲಾ ಹಾಳಾಯ್ತು ಮೇಡಂ."

"ಎರಡನೇದು ಹಚ್ಚಿದ್ಯಾ?"

"ಇಲ್ಲ."

"ಸರಿ. ಯಾರು ಕೊಟ್ರು, ಆಗ ಏನು ಮಾಡ್ತಿದ್ದೆ, ಬರೆದಿಡು. ನಾಳೆ ಬಾ."

ಮಾರನೇ ದಿನ ಕೂತು, ಸಿಗರೇಟ್ ನೀಡಿದ ಕೈಗೆ ಏನು ಹೇಳಬೇಕು ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆವು. "ಬೇಡ ಮಚ್ಚಾ, ಬಿಟ್ಟಿದೀನಿ." ನಾಲ್ಕನೇ ಸಲಕ್ಕೆ ದನಿ ನಡುಗಲಿಲ್ಲ. ಈಗ ಒಂಬತ್ತನೇ ವಾರ. ಗಮ್ ದಿನಕ್ಕೆ ಎರಡಕ್ಕೆ ಇಳಿದಿದೆ. ಬೋರ್ಡ್ ಪರೀಕ್ಷೆ ಹತ್ತಿರ ಬರುತ್ತಿರುವುದರಿಂದ, ಆ ತಿಂಗಳು ವಾರಕ್ಕೆ ಎರಡು ಸಲ ಬರಲು ಹೇಳಿದ್ದೇನೆ.