ಓದುಗರ ಪ್ರಶ್ನೆ: ಒಂದೇ ಬಯಲಿನಲ್ಲಿ ಎರಡು ಹಂಗಾಮಿನ ಹುಲ್ಲು

ಪ್ರಶ್ನೆ: ಅಮೆರಿಕದ ಸೌತ್ ಡಕೋಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲನ್ನು ಮೇ ತಿಂಗಳಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನೋಡಿದೆವು. ಮೇ ತಿಂಗಳಲ್ಲಿ ಹಸಿರಾಗಿದ್ದ ಹುಲ್ಲು ಆಗಸ್ಟ್‌ಗೆ ಒಣಗಿತ್ತು. ಅದರ ನಡುವೆಯೇ ಬೇರೊಂದು ಗಿಡ್ಡ ಹುಲ್ಲು ತೆನೆ ಬಿಟ್ಟಿತ್ತು. ಇವೆರಡೂ ಒಟ್ಟಿಗೆ ಬಾಳುವುದು ಹೇಗೆ? (ಓದುಗರು, ದಾವಣಗೆರೆ)

ಉತ್ತರ: ಉತ್ತರ ಅಮೆರಿಕದ ನಡುಬಯಲಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಪೂರ್ವದ ಎತ್ತರದ ಹುಲ್ಲಿಗೂ ಪಶ್ಚಿಮದ ಗಿಡ್ಡ ಹುಲ್ಲಿಗೂ ನಡುವೆ, ಕೆನಡಾದ ಸಸ್ಕಾಚೆವಾನ್‌ನಿಂದ ಡಕೋಟಾಗಳು, ನೆಬ್ರಾಸ್ಕಾ ಮತ್ತು ಕಾನ್ಸಾಸ್ ದಾಟಿ ದಕ್ಷಿಣಕ್ಕೆ ಚಾಚಿಕೊಂಡಿರುವ ಪಟ್ಟಿಯೇ ನೀವು ನೋಡಿದ ಮಿಶ್ರ ಹುಲ್ಲುಗಾವಲು. ಮೇ ತಿಂಗಳಲ್ಲಿ ನಿಮಗೆ ಕಂಡದ್ದು ಬಹುಶಃ ವೆಸ್ಟರ್ನ್ ವೀಟ್‌ಗ್ರಾಸ್. ಆಗಸ್ಟ್‌ನಲ್ಲಿ ಹುಬ್ಬಿನಂತೆ ಬಾಗಿದ ತೆನೆ ಹೊತ್ತಿದ್ದು ಬ್ಲೂ ಗ್ರಾಮಾ ಆಗಿರಬೇಕು.

ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ (ದ್ಯುತಿಸಂಶ್ಲೇಷಣೆಯ) ಬಗೆಯಲ್ಲಿ ಮೊದಲನೆಯದು ನಮ್ಮ ಗೋಧಿ, ಭತ್ತಗಳಂತೆ ಸಿ3 ವರ್ಗದ ಸಸ್ಯ; ಎರಡನೆಯದು ಜೋಳ, ರಾಗಿ, ಕಬ್ಬುಗಳಂತೆ ಸಿ4 ವರ್ಗದ್ದು. ಬಿಸಿಲು ಏರಿದಾಗ ಸಿ3 ಸಸ್ಯದ ಎಲೆಯು ಇಂಗಾಲದ ಡೈಆಕ್ಸೈಡ್‌ಗೆ ಬದಲಾಗಿ ಆಮ್ಲಜನಕವನ್ನು ಹಿಡಿದು ಶಕ್ತಿಯನ್ನು ಪೋಲು ಮಾಡುವುದು ಹೆಚ್ಚುತ್ತದೆ. ಸಿ4 ಸಸ್ಯವಾದರೋ ಇಂಗಾಲದ ಡೈಆಕ್ಸೈಡ್ ಅನ್ನು ಎಲೆಯ ಒಳಕೋಶಗಳಲ್ಲಿ ಸಾಂದ್ರಗೊಳಿಸಿಕೊಳ್ಳುವುದರಿಂದ ಕಡಿಮೆ ನೀರಿನಲ್ಲಿಯೂ ಬೇಸಿಗೆಯಲ್ಲಿ ಚುರುಕಾಗಿ ಬೆಳೆಯುತ್ತದೆ. ಹೀಗೆ ಹಿಮ ಕರಗಿದ ತೇವವನ್ನು ಒಂದು ಬಳಸಿಕೊಂಡರೆ, ಬೇಸಿಗೆಯ ಮಳೆಯನ್ನು ಇನ್ನೊಂದು ಬಳಸಿಕೊಳ್ಳುತ್ತದೆ. ನೆಲದಡಿಯಲ್ಲಿಯೂ ಪಾಲು ಬೇರೆಬೇರೆ: ಬ್ಲೂ ಗ್ರಾಮಾದ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿ ದಟ್ಟವಾಗಿ ಹರಡಿದರೆ, ಲೆಡ್‌ಪ್ಲಾಂಟ್‌ನಂತಹ ದ್ವಿದಳ ಜಾತಿಯ ಗಿಡಗಳ ಬೇರುಗಳು ಹುಲ್ಲಿನ ಬೇರುಗಳನ್ನು ದಾಟಿ ಬಹಳ ಆಳಕ್ಕೆ ಇಳಿಯುತ್ತವೆ.

ಆದರೆ ಈ ಹಂಚಿಕೆ ಶಾಶ್ವತವೆಂದು ತಿಳಿಯಬಾರದು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಕಂದಕ ತೋಡಿಸಿ ಬೇರುಗಳನ್ನು ಬಿಡಿಸಿ ನೋಡಿದ ಸಸ್ಯವಿಜ್ಞಾನಿ. 1930ರ ದಶಕದ ಭೀಕರ ಬರವನ್ನೂ ಅವರು ಹುಲ್ಲುಗಾವಲಿನಲ್ಲಿಯೇ ನಿಂತು ದಾಖಲಿಸಿದರು. ಆ ವರ್ಷಗಳಲ್ಲಿ ಲಿಟಲ್ ಬ್ಲೂಸ್ಟೆಮ್ ಎಂಬ ಹುಲ್ಲು ವಿಶಾಲ ಪ್ರದೇಶಗಳಲ್ಲಿ ಸತ್ತುಹೋಯಿತು. ತೆರವಾದ ನೆಲದಲ್ಲಿ ವೆಸ್ಟರ್ನ್ ವೀಟ್‌ಗ್ರಾಸ್ ಮತ್ತು ಗಿಡ್ಡ ಹುಲ್ಲುಗಳು ಹಬ್ಬಿದವು. ಮಳೆ ಮರಳಿದ ಮೇಲೆ ಲೆಕ್ಕ ನಿಧಾನವಾಗಿ ಮತ್ತೆ ಬದಲಾಯಿತು. ‘ಮಿಶ್ರ’ ಎಂಬುದನ್ನು ಹುಲ್ಲುಗಳ ಹೆಸರಿನ ಒಂದು ನಿಗದಿತ ಪಟ್ಟಿ ಎಂದುಕೊಳ್ಳುವುದಕ್ಕಿಂತ, ವರ್ಷದಿಂದ ವರ್ಷಕ್ಕೆ ಏರಿಳಿಯುವ ಪ್ರಮಾಣವೆಂದು ಕಾಣುವುದೇ ಸರಿಯೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಸಿಬ್ಬಂದಿಯೇ ಹುಲ್ಲಿಗೆ ಬೆಂಕಿ ಹಾಕುತ್ತಾರಂತೆ. ಸಂರಕ್ಷಿತ ಜಾಗದಲ್ಲಿ ಇದು ಸರಿಯೇ? (ಓದುಗರು, ಶಿರಸಿ)

ಉತ್ತರ: ಕಾಡಿನ ಅಂಚಿನಲ್ಲಿರುವ ತಮಗೆ ಬೆಂಕಿ ಎಂದೊಡನೆ ಆತಂಕವಾಗುವುದು ಸಹಜ. ಆದರೆ ಹುಲ್ಲಿನ ಬೆಳೆಯುವ ಭಾಗವು ನೆಲಮಟ್ಟದಲ್ಲಿ ಅಥವಾ ಅದರ ಕೆಳಗೆ ಇರುತ್ತದೆ. ಮೇಲಿನ ಎಲೆ ಉರಿದುಹೋದರೂ, ಅಲ್ಲಿನ ಕಾಡುದನವಾದ ಬೈಸನ್ ಮೇದುಹೋದರೂ ಅದು ಮತ್ತೆ ಚಿಗುರಬಲ್ಲದು. ಅದೇ ಬೆಂಕಿಯಲ್ಲಿ ಎಳೆಯ ಪೈನ್ ಸಸಿಗಳು ಸಾಯುವುದರಿಂದ ಬಯಲು ಬಯಲಾಗಿ ಉಳಿಯುತ್ತದೆ. ಮೇವು, ಬೆಂಕಿಗಳೆರಡೂ ನಿಂತಲ್ಲಿ ಒಣಹುಲ್ಲು ಮೆತ್ತೆಗಟ್ಟುತ್ತದೆ. ಅಲ್ಲಿ ಹೊರಗಿನಿಂದ ಬಂದ ಸ್ಮೂತ್ ಬ್ರೋಮ್, ಕೆಂಟಕಿ ಬ್ಲೂಗ್ರಾಸ್‌ಗಳು ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಸ್ಥಳೀಯ ಸಸ್ಯಗಳಿಗೆ ಬೆಳಕು ಸಿಗದಂತೆ ಮಾಡುತ್ತವೆ. ಅವು ಚಿಗುರಿ ಬೆಳೆಯುತ್ತಿರುವ, ಬ್ಲೂ ಗ್ರಾಮಾ ಇನ್ನೂ ಏಳದಿರುವ ಹೊತ್ತನ್ನು ನೋಡಿ ಬೆಂಕಿ ಹಾಕಿದರೆ ಪೆಟ್ಟು ಹೆಚ್ಚಾಗಿ ಹೊರಗಿನವಕ್ಕೇ ಬೀಳುತ್ತದೆ. ದಿನಾಂಕವನ್ನು ತಪ್ಪಾಗಿ ಆರಿಸಿದರೆ ವೆಸ್ಟರ್ನ್ ವೀಟ್‌ಗ್ರಾಸ್‌ಗೂ ಹಾನಿ ತಪ್ಪಿದ್ದಲ್ಲ.

ಪ್ರಶ್ನೆ: ಅಮೆರಿಕದ ಆ ಹುಲ್ಲುಗಾವಲಿನಲ್ಲಿ ನಡೆದಾಡಿ ಬಂದಾಗ ಕಾಲುಚೀಲಕ್ಕೆ ಸೂಜಿಯಂತಹ ಬೀಜಗಳು ಚುಚ್ಚಿಕೊಂಡಿದ್ದವು. ಯಾವ ಹುಲ್ಲು? (ಓದುಗರು, ಬೆಂಗಳೂರು)

ಉತ್ತರ: ನೀಡಲ್ ಆಂಡ್ ಥ್ರೆಡ್ ಎಂಬ ಹುಲ್ಲಿರಬೇಕು. ಅದರ ಬೀಜದ ತುದಿ ಚೂಪು. ಹಿಂದೆ ಉದ್ದನೆಯ ದಾರದಂತಹ ಊಬು ಇರುತ್ತದೆ. ಊಬು ಒಣಗಿದಾಗ ಸುರುಳಿ ಸುತ್ತಿಕೊಂಡು, ನೆನೆದಾಗ ಬಿಚ್ಚಿಕೊಳ್ಳುತ್ತದೆ; ಈ ತಿರುಗಾಟದಿಂದ ಬೀಜವು ಮಣ್ಣಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ, ಹಿಮ್ಮುಖದ ಬಿರುರೋಮಗಳು ಅದನ್ನು ಹೊರಬರಲು ಬಿಡುವುದಿಲ್ಲ. ಕರ್ನಾಟಕದ ಒಣ ಗುಡ್ಡಗಳಲ್ಲಿ ಪಂಚೆಗೆ, ಕುರಿಯ ಉಣ್ಣೆಗೆ ಅಂಟುವ ಹೆಟೆರೊಪೋಗನ್ ಕಂಟಾರ್ಟಸ್ ಹುಲ್ಲಿನದೂ ಇದೇ ಉಪಾಯ. ಆದರೂ ಇವೆರಡು ಹತ್ತಿರದ ಬಂಧುಗಳಲ್ಲ: ಅಲ್ಲಿನದು ಸಿ3, ಇಲ್ಲಿನದು ಸಿ4.